ಕಾಲುಚೀಲದೊಳಗಿನ ಪಂಪು

ಕಾಯಾನಿಯ ಸರೋವರದಂಚಿಗೆ ಮಧ್ಯಾಹ್ನ ಮೂರಕ್ಕೇ ಕತ್ತಲು.
ಶನಿವಾರ. ಸೌನಾದ ಒಲೆಗೆ ಬರ್ಚ್ ಸೌದೆ ಒಟ್ಟಿ
ಓರ್ವೊ ಒಳಗೆ ಕಾಯುತ್ತಿದ್ದಾನೆ.
ನಾನು ಹೊರಕೋಣೆಯ ಬೆಂಚಿನ ಮೇಲೆ
ಹೊಟ್ಟೆಯ ಕೊಳವೆಯನ್ನು ಟಕ್ಕೆಂದು ಬಿಡಿಸಿ
ಪಂಪನ್ನು ಉಣ್ಣೆಯ ಕಾಲುಚೀಲದಲ್ಲಿ ಮಲಗಿಸುತ್ತೇನೆ.
ಒಂಟಿ ಕಾಲುಚೀಲ; ಜೊತೆಯದು ಎಂದೋ ಕಳೆದುಹೋಗಿದೆ.

ಹದಿನೈದು ನಿಮಿಷ ರಜೆ ಮಾರಾಯ, ಅನ್ನುತ್ತೇನೆ ಅದಕ್ಕೆ.

ಐದೈದು ನಿಮಿಷಕ್ಕೊಮ್ಮೆ
ತೋಳಿನ ಸೆನ್ಸರನ್ನು ವಿಚಾರಿಸುವುದು, ಲೆಕ್ಕ ಹಾಕುವುದು,
ಒಂದಿಷ್ಟು ಇನ್ಸುಲಿನ್ ಬಿಡುವುದು, ಇಲ್ಲವೇ ತಡೆಹಿಡಿಯುವುದು:
ಇಷ್ಟೇ ಅದರ ಸಂಸಾರ.
ನಿದ್ದೆಯಿಲ್ಲ, ಬೇಸರವಿಲ್ಲ,
"ಮತ್ತೆ ಏನು ತಿಂದೆ?" ಎಂಬ ಗದರಿಕೆಯಿಲ್ಲ.

ಅಮ್ಮ ಗದರುತ್ತಿದ್ದಳು.
ಆಲೂಗಡ್ಡೆಯ ಪಾತ್ರೆಯಲ್ಲೇ ಗಾಜಿನ ಸಿರಿಂಜು ಕುದಿಸಿ,
ಮೊಂಡಾದ ಸೂಜಿಯನ್ನು ಸಾಣೆಕಲ್ಲಿಗೆ ಉಜ್ಜಿ,
ಏಳು ವರ್ಷದ ನನ್ನ ತೊಡೆಗೆ
ಕಣ್ಣು ಮುಚ್ಚಿಕೊಂಡು ಚುಚ್ಚುತ್ತಿದ್ದಳು.
ಕಣ್ಣು ಮುಚ್ಚುತ್ತಿದ್ದುದು ಅವಳು, ನಾನಲ್ಲ.

ಆಮೇಲೆ ಓರ್ವೊನ ಕೈ.
ಗರಗಸಕ್ಕೆ ಎರಡು ಬೆರಳು ಕೊಟ್ಟು ಬಂದ ಆ ಕೈ
ಮೂವತ್ತೊಂದು ವರ್ಷ, ರಾತ್ರಿ ಮೂರರ ಹೊತ್ತಿಗೆ,
ನನ್ನ ಹಿಂಗತ್ತು ತಡವುತ್ತಿತ್ತು.
ಒದ್ದೆಯಾಗಿದ್ದರೆ ದೀಪ ಹಾಕಿ ಕೇಳುತ್ತಿದ್ದ:
"ಸೈಮಿ, ಮಂಜುಗಡ್ಡೆ ಒಡೆದು ನೀರಿಗೆ ಬಿದ್ದಿತ್ತಲ್ಲ
ನಮ್ಮ ನಾಯಿ, ಅದರ ಹೆಸರೇನು?"
ತೆರ್ವಾ ಅಂದರೆ ಸರಿ, ಮಲಗಬಹುದು.
ತೊದಲಿದರೆ, ಬೈದರೆ, ಸುಮ್ಮನೆ ಅತ್ತರೆ, ಹಣ್ಣಿನ ರಸ.
ಒಮ್ಮೆ ಅವನ ಕೆನ್ನೆಗೆ ಹೊಡೆದಿದ್ದೆನಂತೆ.
ಹೇಳಿದ್ದು ಅವನಲ್ಲ, ಆ ರಾತ್ರಿ ಮನೆಯಲ್ಲಿದ್ದ ಅವನ ತಂಗಿ.

ಪಂಪು ಬಂದ ವರ್ಷ ಓರ್ವೊ
ಬೆಳಗಿನವರೆಗೆ ಮಲಗುವುದನ್ನು ಕಲಿತ. ಕಷ್ಟಪಟ್ಟು ಕಲಿತ.
ಈಗಲೂ ಮೂರಕ್ಕೆ ಆ ಕೈ ಒಮ್ಮೆ ಏಳುತ್ತದೆ,
ನಿವೃತ್ತನಾದ ಅಂಚೆಯವ
ಹಳೆಯ ಬೀದಿಯ ತಿರುವಿನವರೆಗೆ ಬಂದು ಮರಳುವಂತೆ
ಹೊದಿಕೆಯ ಅಂಚಿನಿಂದಲೇ ಹಿಂದಿರುಗುತ್ತದೆ.

ಸೌನಾದೊಳಗೆ ಎಂಬತ್ತು ಡಿಗ್ರಿ.
ಕಾದ ಕಲ್ಲಿನ ಮೇಲೆ ನೀರು ಚುರ್ರೆನ್ನುತ್ತದೆ.
ಇಲ್ಲಿ ಇಬ್ಬರಿಗೂ ಬೆವರು, ಕತ್ತು ಮುಟ್ಟಿ ಏನೂ ತಿಳಿಯದು.
ತೋಳಿನ ಸೆನ್ಸರ್ ಗೋಡೆಯಾಚೆಗೆ ಕೂಗುತ್ತಿರಬಹುದು,
ಕಾಲುಚೀಲಕ್ಕೆ ಕೇಳಿಸದು.
ಹಬೆಯೊಳಗಿಂದ ಓರ್ವೊನ ದನಿ, ತುಸು ಸಂಕೋಚದಲ್ಲಿ:
"ಸೈಮಿ, ನಮ್ಮ ನಾಯಿಯ ಹೆಸರೇನು?"

ನನಗೆ ಏನೂ ಆಗಿರಲಿಲ್ಲ.
ತಲೆ ತಿಳಿಯಾಗಿತ್ತು, ಕೈ ನಡುಗುತ್ತಿರಲಿಲ್ಲ.
"ನಾಯಿಯೇ? ನಾವು ಯಾವತ್ತು ನಾಯಿ ಸಾಕಿದ್ದೆವು?"
ಅಂದುಬಿಟ್ಟೆ.

ಎದ್ದ ನೋಡಿ! ಎಪ್ಪತ್ತರ ಮಂಡಿಗಳು ಲಟಲಟ,
ಬರಿಮೈಯಲ್ಲೇ ಹಿಮದ ಮೆಟ್ಟಿಲಿಳಿದು, ಅಡುಗೆಮನೆ ಹೊಕ್ಕು,
ಲಿಂಗನ್ ಹಣ್ಣಿನ ಕೆಂಪು ರಸ ಲೋಟದಂಚಿಗೆ ತುಂಬಿ,
ದಾರಿಯುದ್ದ ಚೆಲ್ಲಿಕೊಂಡು ತಂದು
ಮೂರು ಬೆರಳಲ್ಲಿ ನನ್ನ ತುಟಿಗೆ ಹಿಡಿದ.
ತಳ ಕಾಣುವವರೆಗೆ ಕುಡಿದೆ.
ನಾನೇನೂ ಹೇಳಲಿಲ್ಲ. ಅವನೂ ಕೇಳಲಿಲ್ಲ.

ಆಮೇಲೆ ಕಾಲುಚೀಲದಿಂದ ತೆಗೆದು ಸಿಕ್ಕಿಸಿಕೊಂಡಾಗ
ಪಂಪು ನೋಡಿತು: ಬಾಣ ನೆಟ್ಟಗೆ ಮೇಲಕ್ಕೆ,
ತಿಂದದ್ದರ ಲೆಕ್ಕ ಯಾರೂ ಒಪ್ಪಿಸಿಲ್ಲ.
ಪಾಪ, ಕಾರಣ ಬೇಕೆನ್ನಲಿಲ್ಲ.
ಹನಿಹನಿಯಾಗಿ, ರಾತ್ರಿ ಊಟದ ಹೊತ್ತಿನವರೆಗೆ,
ಸರಿಮಾಡುತ್ತ ಕೂತಿತು.