ನಾಲ್ಕು ಜನ

ಎಕ್ಸೆಟರಿನ ಗುಡ್ಡದ ಮೇಲೆ
ಮನಶ್ಶಾಸ್ತ್ರ ವಿಭಾಗದ ನೆಲಮಾಳಿಗೆಯಲ್ಲಿ
ಗಂಟೆಗೆ ಹನ್ನೆರಡು ಪೌಂಡು.
ಕೆಲಸ ಇಷ್ಟೇ:
ಕಣ್ಣಾರೆ ಕಂಡದ್ದನ್ನು ಬಾಯಾರೆ ಅಲ್ಲಗಳೆಯುವುದು.

ಗೋಡೆಯ ಮೇಲೆ ಎಡಕ್ಕೊಂದು ಗೆರೆ, ಬಲಕ್ಕೆ ಮೂರು.
ಇದಕ್ಕೆ ಸಮ ಯಾವುದು?
ಎರಡನೆಯದು. ಎಳೆಮಗುವೂ ಬೆರಳಿಟ್ಟು ತೋರಿಸೀತು.
ಆದರೆ ಫಿಯೋನ್ ಮೂರು ಅನ್ನುತ್ತಾಳೆ,
ಒಬಿನ್ನ ಮೂರು,
ಜಾಗೊ ಆಕಳಿಸುತ್ತಲೇ ಮೂರು,
ನಾಲ್ಕನೆಯವಳು ನಾನು, ಮೂರು.
ಐದನೆಯ ಕುರ್ಚಿಗೆ ಮಾತ್ರ
ಇದು ಬಯಲಾಟವೆಂದು ಗೊತ್ತಿಲ್ಲ.

ಮೊದಲ ದಿನ ನನ್ನ ಮೂರಿನ ಬಾಲಕ್ಕೆ
ಪ್ರಶ್ನೆಚಿಹ್ನೆ ಅಂಟಿಕೊಂಡು ಬಂತು.
ಡಾಕ್ಟರ್ ಹೆದರಿಂಗ್ಟನ್ ಪಕ್ಕಕ್ಕೆ ಕರೆದು ಹೇಳಿದಳು:
ಖಚಿತವಾಗಿ ಹೇಳಬೇಡ, ಬೇಸರದಲ್ಲಿ ಹೇಳು.
ಬೇಸರದ ಸುಳ್ಳನ್ನು ಯಾರೂ ತಡೆದು ಕೇಳುವುದಿಲ್ಲ.
ಪಠ್ಯದಲ್ಲಿ ಇರಲಿಲ್ಲ ಇದು. ಬರೆದುಕೊಂಡೆ.

ನಾಲ್ಕು ಜನ ಏನಂದಾರು.
ದಾವಣಗೆರೆಯ ನಮ್ಮ ಓಣಿಯಲ್ಲಿ
ಆ ನಾಲ್ವರನ್ನು ಕಂಡವರಿಲ್ಲ.
ಯಾವ ಮನೆಯವರು, ಚಹಾಕ್ಕೆ ಸಕ್ಕರೆ ಎಷ್ಟು,
ರಾತ್ರಿ ನಿದ್ದೆ ಬರುತ್ತದೋ ಇಲ್ಲವೋ, ತಿಳಿಯದು.
ಅವರಿಗಂಜಿ ಅಕ್ಕ ಸೈಕಲ್ಲು ಬಿಟ್ಟಳು,
ಅವರಿಗಂಜಿ ನಾನು ಮೂವತ್ತೆಂಟರವರೆಗೆ
ಅರ್ಜಿಯನ್ನೇ ತುಂಬಲಿಲ್ಲ.
ಈಗ ನೋಡಿದರೆ
ಒಬ್ಬಳಿಗೆ ನೆಗಡಿ, ಒಬ್ಬನ ಕಾಲುಚೀಲ ಎರಡು ಬಣ್ಣ,
ಒಬ್ಬ ಮೇಜಿನಡಿ ಫೋನು ಒತ್ತುತ್ತಿದ್ದಾನೆ,
ಇನ್ನೊಬ್ಬಳು ನಾನು.
ಇವರೇನಾ?
ತಾಸಿನ ಲೆಕ್ಕದವರಾ?

ಸಹಕಾರಿ ಬ್ಯಾಂಕಿನಲ್ಲಿ ಹನ್ನೊಂದು ವರ್ಷ
ನಡಾವಳಿ ಬರೆದ ಕೈ ಇದು.
ಪುಟದ ಕೊನೆಯ ವಾಕ್ಯ ಅದಕ್ಕೆ ಬಾಯಿಪಾಠ:
ಸರ್ವಾನುಮತದಿಂದ ಅಂಗೀಕರಿಸಲಾಯಿತು.
ಕ್ಯಾಶಿಯರ್ ಶಂಭುಲಿಂಗಪ್ಪನನ್ನು ತೆಗೆದ ದಿನವೂ ಅದೇ.
ಅವತ್ತು ನಿರ್ದೇಶಕ ಗುಳೇದವರ ಕೈಯಲ್ಲಿ
ಕಪ್ಪು ಸಾಸರಿಗೆ ತಾಗಿ ಕಟಕಟ ಅಂದದ್ದನ್ನು
ಎಲ್ಲಿ ಬರೆಯಲಿ? ಆ ಪುಸ್ತಕಕ್ಕೆ ಅಂಚೇ ಇರಲಿಲ್ಲ.
ಇಲ್ಲಿ ಅದಕ್ಕೆ ಹನ್ನೆರಡು ವಾರ, ಎರಡು ಪ್ರಬಂಧ,
ಸಂಸ್ಥೆಗಳ ಮೌನಕ್ಕೆ ಐದು ಬಗೆಯ ಹೆಸರು.
ಕಪ್ಪಿನ ಸದ್ದಿಗೆ ಇನ್ನೂ ಇಲ್ಲ.

ಹೋದ ವಾರ ಒಬ್ಬ ಹುಡುಗ
ಕೊನೆಯ ಸುತ್ತಿನವರೆಗೂ ತನ್ನದನ್ನೇ ಹೇಳಿದ, ಕಿವಿ ಕೆಂಪಾಗಿ.
ಹೊರಡುವಾಗ ನಮ್ಮ ನಾಲ್ವರ ಬಳಿಯೂ ಕ್ಷಮೆ ಕೇಳಿದ.
ಗುರುವಾರ ತರಗತಿಯಲ್ಲಿ ಚರ್ಚೆ: ಜನರಿಗೆ ಹೀಗೆ ಮಾಡುವುದು ನ್ಯಾಯವೇ?
ನ್ಯಾಯವೆನ್ನುವವರು ಕೈ ಎತ್ತಿ.
ಹದಿನೇಳು. ಎಣಿಸಿದವಳು ನಾನೇ,
ನನ್ನದನ್ನೂ ಸೇರಿಸಿ.

ಇವತ್ತು ಬಂದವಳು ಮಿಸೆಸ್ ಟ್ರೆಲೋರ್.
ಕ್ರೆಡಿಟನ್ನಿನಲ್ಲಿ ನಲವತ್ತು ವರ್ಷ ಕಿಟಕಿ ಪರದೆ ಹೊಲಿದವಳು.
ಅರ್ಧ ಅಂಗುಲ ಸೊಟ್ಟಗಿದ್ದರೆ ಬೀದಿಯಿಂದಲೇ ಗೊತ್ತಾಗುತ್ತಂತೆ.
ಮೊದಲೆರಡು ಸುತ್ತು ಸರಿಯಾಗಿಯೇ ಹೇಳಿದಳು.
ಮೂರನೆಯದಕ್ಕೆ ಕನ್ನಡಕ ತೆಗೆದು ಸ್ವೆಟರಿನ ತುದಿಗೆ ಒರೆಸಿದಳು.
ಐದನೆಯದಕ್ಕೆ ನನ್ನ ಮುಖ ನೋಡಿದಳು,
ಬೇರೆಯವರದಲ್ಲ, ನನ್ನದೇ.
ಆರನೆಯದಕ್ಕೆ ಮೆಲ್ಲಗೆ, ಮೂರು.
ಗಾಜಿನ ಆಚೆ ಪೆನ್ಸಿಲು ಅಲ್ಲಾಡಿತು.

ಆಮೇಲೆ ನಿಜ ಹೇಳುವ ಶಾಸ್ತ್ರ:
ಒಂದು ಹಾಳೆ, ಒಂದು ಸಹಿ, ಶುಂಠಿ ಬಿಸ್ಕತ್ತು.
ಸಿಟ್ಟಾಗಲಿಲ್ಲ ಆಕೆ.
ಕೈಚೀಲದಿಂದ ಟೇಪು ತೆಗೆದು
ಗೋಡೆಯ ಗೆರೆಗಳನ್ನು ಅಳೆದಳು, ಎರಡು ಸಲ.
ನೀನು ಸುಳ್ಳಾಡುವವಳ ಹಾಗೆ ಕಾಣಲಿಲ್ಲಮ್ಮ,
ನನ್ನ ಕಣ್ಣೇ ಹಳತಾದವೇನೋ ಅಂದುಕೊಂಡೆ, ಅಂದಳು.

ಸಂಜೆ ಬಸ್ ನಿಲ್ದಾಣದಲ್ಲಿ ಮತ್ತೆ ಸಿಕ್ಕಳು.
ತುಂತುರು, ತಲೆಗೆ ಪ್ಲಾಸ್ಟಿಕ್ ಟೊಪ್ಪಿಗೆ.
ಕ್ರೆಡಿಟನ್ ಬಸ್ಸು ಎಷ್ಟು ಹೊತ್ತಿಗೆ, ಕೇಳಿದಳು.
ಆರು ನಿಮಿಷ, ಅಂದೆ.
ಫಲಕದಲ್ಲಿ ಆರೇ ಇತ್ತು.
ಆಕೆ ಥ್ಯಾಂಕ್ಸ್ ಅಂದು, ಎದ್ದು,
ಕನ್ನಡಕ ಏರಿಸಿ,
ಫಲಕದ ಹತ್ತಿರ ಹೋಗಿ
ತಾನೇ ಓದಿಕೊಂಡಳು.