ಕಣ್ಣು ಬಿಟ್ಟ ಕಲ್ಲು

ಕರೆಂಟಿಲ್ಲ. ದೆಬಾರ್ಕಿನ ಗಿರಣಿ ಮುಚ್ಚಿದೆ.
ಯೆಶಿಮೆಬೆಟ್ ಅರೆಯುವ ಕಲ್ಲಿನ ಮೇಲಿಂದ
ಕೋಳಿಯನ್ನು ಎಬ್ಬಿಸುತ್ತಾಳೆ.
ಸವೆದಿದೆ. ಕುಟ್ಟಿ ಕುಟ್ಟಿ ಒರಟು ಮಾಡುವಾಗ
ಚೂರೊಂದು ಹಾರಿ ಕೆನ್ನೆ ಕಚ್ಚುತ್ತದೆ.

ಕಲ್ಲಿನ ತುಂಬ ತೂತು, ಎನ್ನುತ್ತಾಳೆ ಹೊಸ ಸೊಸೆ.
ತೂತಲ್ಲ ಮಗಳೇ, ಕಣ್ಣು.
ಇಂಜೆರಾಕ್ಕೂ ಅಷ್ಟೇ,
ಕಣ್ಣಿಲ್ಲದ್ದನ್ನು ಬಂದವರಿಗೆ ಬಡಿಸಬಾರದು.

ಮೂರು ಕೋಟಿ ವರ್ಷದ ಹಿಂದೆ
ನೆಲದ ತಳದ ತಳದಿಂದ ಬಿಸಿಯೊಂದು
ಉಗುರು ಬೆಳೆದಷ್ಟು ಮೆಲ್ಲಗೆ ಎದ್ದು ಬಂದು
ಈ ಸೀಮೆಯನ್ನೇ ಹೆಂಚು ಮಾಡಿಕೊಂಡಿತು.
ಹುಯ್ದದ್ದೇ ಹುಯ್ದದ್ದು.
ಒಂದು ಆರಿ, ಕೆಮ್ಮಣ್ಣು ಕೂತು, ಬೇರಿಳಿದು,
ಎಲ್ಲ ಮರೆತ ಮೇಲೆ ಮತ್ತೊಂದು.
ಕಣಿವೆಯಂಚಿಗೆ ಹೋಗಿ ನೋಡಿ:
ಒಟ್ಟಿಟ್ಟ ಕಪ್ಪು ಪದರಗಳು,
ಉಣ್ಣುವವರು ಬಾರದೆ ತಣಿದವು.
ಕಣ್ಣೆಂದರೆ, ಹೊರಡಲಾಗದೆ ಹೋದ ಉಸಿರಿನ ಜಾಗ.

ಟೆಫ್ ಕಾಳು ಗಸಗಸೆಯಂಥದು, ಜಾರಿದರೆ ಸಿಕ್ಕದು.
ಮೊಣಕಾಲೂರಿ ಅರೆಯುತ್ತಾಳೆ.
ಹಿಟ್ಟಿನ ಜೊತೆ ಕಲ್ಲೂ ಇಷ್ಟು ಹೋಗುತ್ತದೆ, ಗೊತ್ತು;
ನಲವತ್ತು ವರ್ಷದಲ್ಲಿ ಒಂದು ಬೊಗಸೆ ಬೆಟ್ಟ
ಈ ಮನೆಯವರ ಹೊಟ್ಟೆ ಸೇರಿದೆ.

ಮೂಡಣದ ತಗ್ಗಿನಲ್ಲಿ, ಅಫಾರಿನಲ್ಲಿ,
ಆ ಒಲೆ ಇನ್ನೂ ಆರಿಲ್ಲವಂತೆ.
'ಯಾರಿಗೆ ಹುಯ್ಯುತ್ತಿದ್ದಾಳೋ' ಎಂದು
ಹಿಟ್ಟಿಗೆ ನೀರು ಸುರಿಯುತ್ತಾಳೆ.

ಮೂರು ದಿನ ಮುಚ್ಚಿಡಬೇಕು.