ಏಳನೆಯ ನಿಯಮ, ನಾಲ್ಕನೆಯ ಕಲಮು

ನನ್ನ ಮೇಜಿಗೆ ಬರುವ ಹೊತ್ತಿಗೆ
ಎಲ್ಲರೂ ಒಂದು ಹಾಳೆಯಷ್ಟಾಗಿರುತ್ತಾರೆ.
ಎಡಗಡೆ ಬೇಕಾದದ್ದು, ಬಲಗಡೆ ಆದದ್ದು,
ನಡುವೆ ನಾನು ಎಳೆಯುವ ಹಸಿರು ಗೆರೆ.
ಮೂವತ್ತೊಂದು ವರ್ಷ ಇದೇ ಕೆಲಸ:
ಕ್ರೆಡಿಟ್ಟು ಕೂಡುವುದು, ಕೊರತೆ ಹುಡುಕುವುದು,
ಮೇ ತಿಂಗಳಲ್ಲಿ ಅಳುವವರ ಕಡೆಗೆ
ಟಿಶ್ಯೂ ಪೆಟ್ಟಿಗೆ ತಳ್ಳುವುದು.

ಆಲ್ಫೇ ತೆರಿಯೋ ಅಳುವ ಪೈಕಿ ಅಲ್ಲ.
ಐವತ್ತೆಂಟು ವಯಸ್ಸು. ಮೇನ್ ಕರಾವಳಿಯಲ್ಲಿ
ಬೋನು ಇಳಿಸಿ ಲಾಬ್‌ಸ್ಟರ್ ಹಿಡಿಯುವವನು.
ಅಂಗೈಯಲ್ಲಿ ಹಗ್ಗ ಉಜ್ಜಿದ ಗೆರೆ,
ಅಂಗಿಗೆ ಎರೆಮೀನಿನ ವಾಸನೆ.
ಎಂಬತ್ತೈದರಲ್ಲಿ ಸೇರಿದ್ದ; ಎಂಬತ್ತೆಂಟರ ನವೆಂಬರಿನಲ್ಲಿ
ಅಪ್ಪನ ದೋಣಿ ಮಾತ್ರ ವಾಪಸು ಬಂತು.
ಅದನ್ನು ನಡೆಸಲು ಹೋದವನು
ಈಗ ಬಂದು, ನಾಲ್ಕು ಚಳಿಗಾಲ ಕೂತು
ಭೂಗರ್ಭಶಾಸ್ತ್ರ ಮುಗಿಸಿದ.
ಬೇಕಾದದ್ದು ನೂರಿಪ್ಪತ್ತನಾಲ್ಕು. ಆದದ್ದು ನೂರಿಪ್ಪತ್ತನಾಲ್ಕು.
ಒಂದೇ ಖಾಲಿ ಚೌಕ:
ಪದವಿಗೆ ಅರ್ಹನಾಗುವ ಪ್ರತಿ ವಿದ್ಯಾರ್ಥಿಯೂ
ಕೊಳದ ಎರಡು ಉದ್ದ, ತಳ ಮುಟ್ಟದೆ, ಈಜತಕ್ಕದ್ದು.

ಆ ಕಲಮು ಸತ್ತು ಇಪ್ಪತ್ತೆಂಟು ವರ್ಷವಾಯಿತು.
ಆದರೆ ಸೇರಿದ ವರ್ಷದ ಕೈಪಿಡಿಯೇ ಕೊನೆತನಕ ಎಂಬುದು
ಎರಡನೆಯ ನಿಯಮ; ಅದು ಬದುಕಿದೆ.
ಹೊಸ ಕೈಪಿಡಿಗೆ ಬದಲಾಗಬಹುದು, ಅಂದೆ,
ಆಗ ಈಜಿಲ್ಲ; ಸಂಖ್ಯಾಶಾಸ್ತ್ರ ಒಂದು, ವಿದೇಶಿ ಭಾಷೆ ಎರಡು.
ಫ್ರೆಂಚ್ ಆಗುತ್ತದೆಯೇ? ಕೇಳಿದ.
ಆಗುತ್ತದೆ.
ಸ್ವಲ್ಪ ಹೊತ್ತು ಸುಮ್ಮನಿದ್ದ.
ಅದನ್ನೇ ಆಡಿದ್ದಕ್ಕೆ ನಮ್ಮಮ್ಮನಿಗೆ
ಶಾಲೆಯಲ್ಲಿ ಸೋಪು ತಿನ್ನಿಸಿದ್ದರು.
ವಿದೇಶಿ ಅಂತ ಸಹಿ ಮಾಡಿಕೊಡಲಾರೆ.

ವೈದ್ಯರ ಚೀಟಿ ತಂದರೂ ಸಾಕು,
ಮೊಣಕಾಲೋ ಬೆನ್ನೋ ಏನಾದರೊಂದು ಇರುತ್ತದಲ್ಲ.
ಎಲ್ಲವೂ ಇದೆ, ಅಂದ.
ಹೆದರಿಕೆಗೆ ಚೀಟಿ ಕೊಡುತ್ತಾರೆಯೇ?

ಮೂವತ್ತಾರು ವರ್ಷ ಸಮುದ್ರದ ಮೇಲೆ; ಈಜು ಬಾರದು.
ನಮ್ಮ ಹಿರಿಯರು ಯಾರೂ ಕಲಿತವರಲ್ಲ, ಅಂದ.
ಬಿದ್ದರೆ ಆ ನೀರು ಹತ್ತು ನಿಮಿಷ ಕೊಡುತ್ತದೆ,
ಈಜು ಬಂದವನಿಗೆ ಹನ್ನೆರಡು.
ಎರಡು ನಿಮಿಷಕ್ಕೆ ಯಾರು ಕಲಿಯುತ್ತಾರೆ?
ಮುಳುಗುವವನಿಗೆ ಚಳಿಯೇನು ಎಂದವರು
ಈ ಕಡಲು ಕಂಡವರಲ್ಲ.

ಈ ಕಲಮಿಗೊಂದು ಕಥೆ ಕಟ್ಟಿದ್ದಾರೆ:
ಯಾರೋ ಶ್ರೀಮಂತೆಯ ಮಗ ಮುಳುಗಿದನಂತೆ,
ಅವಳು ದುಡ್ಡು ಕೊಟ್ಟಳಂತೆ, ಕೊಳ ಬಂತು, ಷರತ್ತು ಬಂತು.
ಆ ಸಂಜೆ ನೆಲಮಾಳಿಗೆಗಿಳಿದು
ಹತ್ತೊಂಬತ್ತನೆಯ ಇಸವಿಯ ನಡಾವಳಿ ತೆಗೆದೆ.
ಮಗ ಇಲ್ಲ. ತಾಯಿ ಇಲ್ಲ.
ಕಸರತ್ತಿನ ಮೇಷ್ಟರ ಸಲಹೆಯಂತೆ. ಸರ್ವಾನುಮತ.
ಚಹಾ ವೆಚ್ಚ ಎರಡು ಡಾಲರು.
ಒಂದು ಸಾವಾದರೂ ಇದ್ದಿದ್ದರೆ
ಅವನಿಗೆ ತೋರಿಸಬಹುದಿತ್ತು ಅಂತ
ಅಲ್ಲೇ ರಟ್ಟಿನ ಪೆಟ್ಟಿಗೆಯ ಮೇಲೆ ಕೂತೆ.

ಏಪ್ರಿಲ್, ಬೆಳಿಗ್ಗೆ ಆರೂವರೆ.
ಫಾರಮ್ಮಿಗೆ ಇಬ್ಬರು ಸಾಕ್ಷಿ ಬೇಕು.
ಒಬ್ಬಳು ನಾನು. ಇನ್ನೊಬ್ಬಳು
ಲೂಯಿಸ್ಟನ್ನಿನ ಹೋದನ್ ವಾರ್ಸಮೆ, ಕೊಳ ಕಾಯುವವಳು,
ಆರು ತಿಂಗಳು ಅವನಿಗೆ ತೇಲಲು ಕಲಿಸಿದವಳು,
ತನಗೇ ಇನ್ನೂ ಹದಿನಾರು ಕ್ರೆಡಿಟ್ಟು ಬಾಕಿಯಿರುವವಳು.

ಏಣಿ ಹಿಡಿದು ಹಿಮ್ಮುಖವಾಗಿ ಇಳಿದ,
ದೋಣಿಗೆ ಇಳಿಯುವ ಹಾಗೆ.
ಅದನ್ನು ಈಜು ಎನ್ನಲಾಗದು.
ಬೋನಿನ ಹಗ್ಗ ಮೇಲೆಳೆಯುವಂತೆ
ನೀರನ್ನು ಮೊಳ ಮೊಳವಾಗಿ ಎಳೆದುಕೊಂಡ,
ಬಾಯಿ ಸೂರಿನ ಕಡೆ, ಕಣ್ಣು ಮುಚ್ಚಿ.
ಒಂದು ಉದ್ದ.
ಆಚೆಯ ಗೋಡೆ ಹಿಡಿದು ಅಲ್ಲೇ ಉಳಿದ.

ಹೋದನ್ ನನ್ನ ಮುಖ ನೋಡಿದಳು.
ತಳ ಮುಟ್ಟಬಾರದು ಅಂತಿದೆ. ಗೋಡೆಯ ಮಾತಿಲ್ಲ.
ಹೊತ್ತಿನ ಮಾತೂ ಇಲ್ಲ;
ಮೂರು ಸಲ ಓದಿಕೊಂಡೇ ಬಂದಿದ್ದೆ.
ಏಳಕ್ಕೆ ಈಜು ತಂಡದ ಹುಡುಗರು ಬಂದು
ಟವೆಲು ಹೆಗಲ ಮೇಲೆ, ಬಾಗಿಲಲ್ಲೇ ನಿಂತರು.
ಹಬೆಗೆ ಫಾರಮ್ಮು ಮೆತ್ತಗಾಗುತ್ತಿತ್ತು.
ಅವನ ಉಸಿರು ಆ ಕೊನೆಯಿಂದ ಈ ಕೊನೆಗೆ ಕೇಳುತ್ತಿತ್ತು.
ಪೆನ್ನಿನ ಕ್ಯಾಪು ತೆಗೆದೆ, ಮತ್ತೆ ಹಾಕಿದೆ.

ಒಂದು ಕೈ ಗೋಡೆ ಬಿಟ್ಟಿತು.